ವೀಲ್‌ಚೇರ್ ಪ್ಯಾಸೆಂಜರ್

ತುಂಗಮ್ಮನ ಕಾಲುಗಳು ಗಟ್ಟಿಯಾಗಿಯೇ ಇದ್ದವು. ಅಷ್ಟು ದೊಡ್ಡ ವಿಮಾನ ನಿಲ್ದಾಣದಲ್ಲಿ ಅಮ್ಮ ದಾರಿ ತಪ್ಪದಿರಲೆಂದು ಮಗಳು ವೀಲ್‌ಚೇರ್ ಬುಕ್ ಮಾಡಿದ್ದಳು. "ಏನೇ ಆದ್ರೂ ಎದ್ದೇಳ್ಬೇಡಮ್ಮ, ಸುಳ್ಳು ಗೊತ್ತಾಗಿಬಿಡುತ್ತೆ."

ವಿಮಾನ ಹತ್ತಲು ಕೊನೆಯ ಕರೆ ಕೇಳಿಸಿತು. ವೀಲ್‌ಚೇರ್ ತಳ್ಳುತ್ತಿದ್ದ ನಿಲ್ದಾಣದ ಹುಡುಗ ಓಡಲು ಹೋಗಿ ಮುಗ್ಗರಿಸಿ ನಿಂತ.

"ಯಾಕಪ್ಪ?"

"ಕಾಲು ಉಳುಕ್ತು ಅಮ್ಮ. ಹೆಜ್ಜೆ ಊರಕ್ಕಾಗ್ತಿಲ್ಲ."

"ಬೇರೆ ಯಾರನ್ನಾದ್ರೂ ಕರಿ."

"ಅವರು ಬರೋಷ್ಟ್ರಲ್ಲಿ ಗೇಟ್ ಮುಚ್ಚಿಬಿಡ್ತಾರೆ."

ತುಂಗಮ್ಮ ಅತ್ತಿತ್ತ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು, ಅವನನ್ನು ಕುರ್ಚಿಗೆ ಕೂರಿಸಿದಳು.

"ನಂಗೆ ದಾರಿ ಗೊತ್ತಿಲ್ಲ. ನೀನು ಹೇಳ್ತಾ ಹೋಗು, ನಾನು ತಳ್ತೀನಿ."

ಏದುಸಿರು ಬಿಡುತ್ತ ತಲುಪಿದಾಗ ಗೇಟು ಇನ್ನೂ ತೆರೆದಿತ್ತು. ಅಲ್ಲಿದ್ದ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ವೀಲ್‌ಚೇರಲ್ಲಿರೋರನ್ನ ನಾವು ಒಳಗೆ ಕರ್ಕೊಂಡು ಹೋಗ್ತೀವಿ. ತಳ್ಕೊಂಡು ಬಂದೋರು ಇಲ್ಲೇ ನಿಂತ್ಕೊಳ್ಳಿ."