ಸಂಜೆಯ ಎರಡು ಪದ

ಹುಡುಗಿ ತನ್ನನ್ನು ಪರೀಕ್ಷಿಸುತ್ತಿದ್ದಾಳೆ. ಕಂಬಂ ಊರಿಗೆ ಹೋಗುವ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತ ಹರಿಹರನ್‌ಗೆ ಅದರಲ್ಲಿ ಅನುಮಾನವೇ ಉಳಿದಿರಲಿಲ್ಲ. ಜೇಬಿನಲ್ಲಿ ಹೆಂಡತಿಯ ಫೋನ್ ಇತ್ತು. ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅಭಿರಾಮಿ ತೀರಿಹೋಗಿ ಒಂದು ಮಳೆಗಾಲ ಕಳೆದಿತ್ತು. ದಿಂಡಿಗಲ್ಲಿನ ಮನೆಯಲ್ಲಿ ಕೂತು ಫೋನಿನಲ್ಲೇ ಇಂಗ್ಲಿಷ್ ಹೇಳಿಕೊಡುತ್ತಿದ್ದವಳು. ತಮಿಳು ಶಾಲೆಗೆ ಹೋಗುವ ತಮ್ಮವರ ಮಕ್ಕಳಿಗೆ ಮನೆಮಾತು ಕನ್ನಡದಲ್ಲಿ ಹೇಳಿದರೆ ಬೇಗ ತಲೆಗೆ ಹತ್ತುತ್ತದೆ ಎಂಬುದು ಅವಳ ಹಟ. ದಿನಕ್ಕೊಂದು ಜೋಡಿ ಪದ; ನೋಡಲು ಅಕ್ಕತಂಗಿಯರಂತೆ, ಅರ್ಥ ಮಾತ್ರ ಬೇರೆ ಬೇರೆ. ಆಪರೇಷನ್ನಿಗೆ ಹೋಗುವ ಮುನ್ನ ಮುಂದಿನ ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿಟ್ಟಳು. ಮರಳಿ ಬರಲಿಲ್ಲ.

ಸುದ್ದಿ ತಿಳಿದ ಮಕ್ಕಳು ಬಿಟ್ಟುಹೋದರು. ಕಂಬಂನ ಮುತ್ತುಸೆಲ್ವಿಗೆ ಮಾತ್ರ ತಿಳಿಯಲಿಲ್ಲ. ‘ಟೀಚರ್, ಇವತ್ತಿನ ಪಾಠ?’ ಎಂದು ಮೆಸೇಜಿನಲ್ಲಿ ಕೇಳಿದಳು. ಹರಿಹರನ್ ಒಂದು ಕಳಿಸಿದ. ಆಮೇಲೆ ಬಿಡಲಾಗಲಿಲ್ಲ. ಬೀಗದಂಗಡಿ ಮುಚ್ಚಿ ಬರುವುದು, ಪಾಠ ಕಳಿಸುವುದು, ಖಾಲಿ ಮನೆಯಲ್ಲಿ ಆ ದನಿ ಕೇಳುತ್ತ ಕೂರುವುದು. ಪ್ರತಿ ಪಾಠದ ಕೊನೆಗೂ ಅದೇ ಮಾತು: ‘ಬರ್ದು ಕಳ್ಸು ಕಣ್ಣೇ, ಕಾಯ್ತಿರ್ತೀನಿ.’ ಉತ್ತರ ಬರುವವರೆಗೂ ಅಭಿರಾಮಿ ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದಾಳೆ ಎನಿಸುತ್ತಿತ್ತು. ಉತ್ತರ ನಿಂತ ದಿನ ಅವಳು ಪೂರ್ತಿ ಹೋದಳೆಂದೇ ಅರ್ಥ.

ದೀಪಾವಳಿಯ ಆಚೆಗೆ ಉತ್ತರಗಳು ಕೆಟ್ಟವು. ಅದುವರೆಗೆ ಒಮ್ಮೆಯೂ ತಪ್ಪದ ಹುಡುಗಿ. ‘ಕ್ವಯಟ್’ ಅಂದರೆ ಸದ್ದಿಲ್ಲದ್ದು, ‘ಕ್ವೈಟ್’ ಅಂದರೆ ತಕ್ಕಮಟ್ಟಿಗೆ ಎಂದು ಅಭಿರಾಮಿ ಬಿಡಿಸಿ ಹೇಳಿದ್ದಳು. ಹುಡುಗಿ ಬರೆದದ್ದು, ‘ನಮ್ಮ ಮನೆ ಈಗ ತುಂಬಾ ಕ್ವೈಟ್.’ ಅವನ ಅರೆಬರೆ ಇಂಗ್ಲಿಷಿಗೂ ತಪ್ಪು ಕಂಡಿತು. ಅಷ್ಟರಲ್ಲಿ ಎಂದಿನಂತೆ ಹೆಬ್ಬೆರಳಿನ ಚಿತ್ರ ಒತ್ತಿ ಆಗಿತ್ತು. ಮರುದಿನ ಇನ್ನೊಂದು ತಪ್ಪು. ಬೇಕೆಂದೇ ಮಾಡುತ್ತಿದ್ದಾಳೆ. ತಪ್ಪು ತಿದ್ದದವಳು ಟೀಚರೇ ಅಲ್ಲ ಎಂದು ಅವಳಿಗೆ ಗೊತ್ತಾಗಿಹೋಗಿದೆ.

ಮೇಲಾಗಿ ಫೋನಿನಲ್ಲಿ ಉಳಿದದ್ದು ಕಟ್ಟಕಡೆಯ ಪಾಠ. ಎದುರಿಗೇ ಹೋಗಿ ನಿಜ ಹೇಳಿಬಿಡುವುದೆಂದು ಹೊರಟಿದ್ದ.

ಅಭಿರಾಮಿ ಬಹುಮಾನವಾಗಿ ನಿಘಂಟು ಕಳಿಸಿದ್ದ ವಿಳಾಸ ಅವನ ಬಳಿ ಇತ್ತು. ಶೇರ್ ಆಟೋ ದ್ರಾಕ್ಷಿ ತೋಟಗಳ ಅಂಚಿನಲ್ಲಿ ಇಳಿಸಿ ಹೋಯಿತು. ಹುಡುಗಿಯ ತಾಯಿ ಪಿಚ್ಚೈಯಮ್ಮಾಳ್ ತೋಟದ ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದಳು. ಟೀಚರ ಗಂಡ ಎಂದೊಡನೆ ಅವಳ ಮುಖ ಬಿಳಿಚಿಕೊಂಡಿತು.

‘ಬನ್ನಿ ಅಣ್ಣಾ, ಕೂತ್ಕಳಿ. ಟೀಚರಮ್ಮ ಬರ್ಲಿಲ್ವಾ?’

‘ಅವಳು ಎಲ್ಲೂ ಬರೋ ಹಂಗಿಲ್ಲ ತಂಗಚ್ಚಿ. ಮುತ್ತುಸೆಲ್ವಿ ಹತ್ರ ಒಂದು ಮಾತು ಹೇಳ್ಬೇಕಿತ್ತು.’

‘ಒಳಗವ್ಳೆ.’ ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. ‘ಟೀಚರಮ್ಮನ ಪಾಡಂ ಬರೋ ವೇಳೆ ಇದು. ಇರಿ, ಕಾಪಿ ತರ್ತೀನಿ.’

ಅವಳು ಒಳಹೋದಳು; ಹರಿಹರನ್ ಜಗುಲಿಯಲ್ಲಿ ಕೂತ. ಕೊನೆಯ ಪಾಠವನ್ನಾದರೂ ಹುಡುಗಿ ನೆಮ್ಮದಿಯಿಂದ ಕೇಳಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು ಫೋನ್ ತೆಗೆದು ಕಳಿಸಿಬಿಟ್ಟ.

ಗೋಡೆಯಾಚೆ ಅಭಿರಾಮಿ ಮಾತಾಡಿದಳು. ‘ಬ್ರೆತ್ ಅಂದ್ರೆ ಉಸ್ರು. ಕೊನೇಲಿ ಇನ್ನೊಂದಕ್ಷರ ಸೇರಿದ್ರೆ ಬ್ರೀದ್. ಉಸ್ರಾಡು...’

ಅವನು ತಡೆಯಲಾಗದೆ ಎದ್ದು ಹೋಗಿ ಒಳಬಾಗಿಲಲ್ಲಿ ನಿಂತ.

ಹುಡುಗಿ ಇರಲಿಲ್ಲ. ಗೋಡೆಯ ಮೇಲೆ ಹಾರ ಹಾಕಿದ ಅವಳ ಫೋಟೋ ಇತ್ತು, ಕೆಳಗೆ ಹಲಗೆಯ ಮೇಲೆ ಆ ನಿಘಂಟು. ಪಿಚ್ಚೈಯಮ್ಮಾಳ್ ಫೋನನ್ನು ಫೋಟೋದ ಕಿವಿಯ ಹತ್ತಿರ ಹಿಡಿದು ನಿಂತಿದ್ದಳು. ‘ಕಾಯ್ತಿರ್ತೀನಿ’ ಎಂದು ಅಭಿರಾಮಿ ಮುಗಿಸುವವರೆಗೂ ಕದಲಲಿಲ್ಲ.

‘ದೀವಳಿ ಟೈಮಲ್ಲಿ ಜ್ವರ ಬಂತು ಅಣ್ಣಾ. ಉಳೀಲಿಲ್ಲ,’ ಎಂದಳು. ‘ಆಮೇಲೆ ಉತ್ರ ಎಲ್ಲ ನಾನೇ ಬರ್ದಿದ್ದು. ನಂಗೆಲ್ಲಿ ಇಂಗ್ಲಿಷ್ ಬರ್ತದೆ? ಆದ್ರೂ ಟೀಚರಮ್ಮ ಒಂದು ಸೊಲ್ಲು ಬೈಲಿಲ್ಲ.’ ಕಣ್ಣೊರೆಸಿಕೊಂಡು ಅವನ ಮುಂದೆ ಕೈ ಮುಗಿದಳು. ‘ಅವ್ರಿಗೆ ಮಾತ್ರ ಹೇಳ್ಬೇಡಿ. ದಿನಾ ಕಾಯ್ತಿರ್ತಾರೆ. ಪಾವಂ, ತಡ್ಕಳಾಕಾಗಲ್ಲ.’

‘ಹೇಳೋದಿಲ್ಲ ತಂಗಚ್ಚಿ,’ ಎಂದ ಹರಿಹರನ್. ‘ನಾಳೆಯಿಂದ ಮತ್ತೆ ಮೊದಲ್ನೇ ಪಾಠದಿಂದ ಕಳಿಸ್ತಾಳಂತೆ. ನೀನು ಬರೀತಿರು.’