ಲ್ಯಾಮಿನೇಷನ್ ಆದ ಹಿಮಕರಡಿ

"ಯಾರ್ರಿ ಇದನ್ನ ಮಾಡಿಸಿದ್ದು?" ಉಷಾರಾಣಿ ಕೂಗಿದ ರಭಸಕ್ಕೆ, ಬಾಗಿಲಿಗೆ ರಿಬ್ಬನ್ ಕಟ್ಟುತ್ತಿದ್ದವರು ತಿರುಗಿ ನೋಡಿದರು. ಅವಳ ಕೈಯಲ್ಲಿದ್ದ ಹಾಳೆಗಳು ಮಿರಿಮಿರಿ ಮಿಂಚುತ್ತಿದ್ದವು.

"ನಾನೇರಿ ಮೇಡಂ," ಎಂದರು ರಾಯದುರ್ಗದ ವಿಜ್ಞಾನ ಮ್ಯೂಸಿಯಂ ಕಮಿಟಿಯ ಸೆಕ್ರೆಟರಿ ಚಂದ್ರಶೇಖರಯ್ಯ. "ಹಾಳಿ ಕಟ್ಟು ಹಂಗೇ ಜೆರಾಕ್ಸ್ ಅಂಗಡಿಗೆ ಕಳಿಸಿದ್ದೆ. ದಿನಾ ನೂರು ಮಂದಿ ಮುಟ್ಟತಾರ, ಹೊಲಸಾಗಬಾರದಲ್ರಿ? ಇನ್ನ ಹತ್ತು ವರ್ಷ ಏನೂ ಆಗಂಗಿಲ್ಲ."

ಆಗಬೇಕಾದ್ದೆಲ್ಲ ಆಗಿಹೋಗಿತ್ತು. ಕಣ್ಣು ಕಾಣದವರು ಕೈಯಿಂದಲೇ ನೋಡಲಿ ಎಂದು ಉಷಾರಾಣಿ ಉತ್ತರ ಧ್ರುವದ ಈ ಕೋಣೆ ಮಾಡಿದ್ದಳು. ಕುರಿಯ ಉಣ್ಣೆ ಹೊದೆಸಿದ ಹಿಮಕರಡಿ, ರೆಕ್ಸಿನ್ ಚರ್ಮದ ಸೀಲ್, ತಟ್ಟೆ ತುಂಬ ಐಸು. ಒಂದೊಂದರ ಮುಂದೂ ಬ್ರೈಲ್ ಹಾಳೆ. ಬೇಸಿಗೆ ರಜೆಯೆಲ್ಲ ಕೂತು ಕಲಿತು, ಚುಚ್ಚಿ ಚುಚ್ಚಿ ಎಬ್ಬಿಸಿದ ಚುಕ್ಕಿಗಳು. ಲ್ಯಾಮಿನೇಷನ್ ಯಂತ್ರ ಅವನ್ನೆಲ್ಲ ಇಸ್ತ್ರಿ ಹೊಡೆದು ಕಳಿಸಿತ್ತು. ಕೆಟ್ಟವರಾದರೆ ಬಯ್ದು ಕೈ ತೊಳೆದುಕೊಳ್ಳಬಹುದು. ಇಷ್ಟು ಒಳ್ಳೆಯವರಿಗೆ ಏನಂತ ಹೇಳುವುದು? ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

ಬಾಯಿ ತೆರೆಯುವಷ್ಟರಲ್ಲಿ ಕಣೇಕಲ್ಲಿನ ಸಂಗೀತದ ಟೀಚರು ರೇಖಾ ಕೋಲು ತಟ್ಟುತ್ತ ಒಳಗೆ ಬಂದರು. ಹುಟ್ಟಿನಿಂದ ಕಣ್ಣಿಲ್ಲದ ಅವರೇ ಉಷಾರಾಣಿಗೆ ಫೋನಿನಲ್ಲಿ ಬ್ರೈಲ್ ಕಲಿಸಿದ್ದು.

"ಯಾರೂ ಏನೂ ಹೇಳಬ್ಯಾಡ್ರಿ. ನಾನೇ ಓದಿಕೊಂತೀನಿ," ಎಂದು ನಗುತ್ತ ಕರಡಿಯ ಬೆನ್ನು ಸವರಿ, ಹಾಳೆಯ ಮೇಲೆ ಬೆರಳಿಟ್ಟರು. ಬೆರಳು ಕೊನೆಯವರೆಗೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು. ನಗು ಮಾಯವಾಯಿತು.

"ಲ್ಯಾಮಿನೇಷನ್ ಮಾಡಿಸೀನ್ರಿ. ನುಣ್ಣಗೈತಲ್ರಿ?" ಎಂದರು ಚಂದ್ರಶೇಖರಯ್ಯ. "ಅಷ್ಟ್ಯಾಕ ತ್ರಾಸ ತಗೊಂತೀರಿ? ಕೊಡ್ರಿಲ್ಲೆ, ನಾ ಓದಿ ಹೇಳ್ತೀನಿ."

"ಎಲ್ಲಿ ಹೋದ್ರೂ ಯಾರರ ಓದಿ ಹೇಳೋದೇ ಆಗೈತ್ರಿ. ಇಲ್ಲಿ ನಾನೇ ಓದಬೋದು ಅಂತ ಬಸ್ಸಿನಾಗ ನಿಂತಕೊಂಡು ಬಂದೀನಿ." ರೇಖಾ ಹಾಳೆಯನ್ನು ಅವರತ್ತ ಚಾಚಿದರು. "ಆಗಲಿ, ಓದ್ರಿ."

ಚಂದ್ರಶೇಖರಯ್ಯ ಕನ್ನಡಕ ಏರಿಸಿ ನೋಡಿದರು. ಮಗುಚಿ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದರಾಗ ಒಂದಕ್ಷರನೂ ಇಲ್ಲಲ್ರಿ!"

"ಇದ್ವು ಸಾರ್," ಎಂದರು ರೇಖಾ. "ನೀವು ಜೋಪಾನ ಮಾಡೋ ತನಕ ಇದ್ವು."