ಬರೆದಿರದ ಆಳ

ಆಕೆ ಮೂರನೆಯ ದಿನವೂ ಬಂದು ಅದೇ ಬೆಂಚಿನ ಮೇಲೆ ಕೂತಿದ್ದರು. ಐವತ್ತೈದರ ಆಸುಪಾಸಿನ ಹೆಂಗಸು. ಇಸ್ತ್ರಿ ಕಾಣದ ಬಟ್ಟೆ, ಅತ್ತು ಊದಿಕೊಂಡ ಕಣ್ಣು. ಯಾರೊಡನೆಯೂ ಮಾತಿಲ್ಲ. ಗಾಜಿನ ಗೋಡೆಯಾಚೆ ಸಾಲಾಗಿ ಕೂತು ಟೈಪ್ ಮಾಡುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.

"ಸತ್ತ ಹುಡುಗನ ತಾಯಿ ಇರಬೇಕು," ಸೂಪರ್‌ವೈಸರ್ ದನಿ ತಗ್ಗಿಸಿ ಹೇಳಿದ. "ದೂರು ಕೊಟ್ಟಿದ್ದಾರಂತಲ್ಲ, ಅವರೇ. ಡೌಟಮ್ಮ, ನೀನು ಆ ಕಡೆ ತಲೆ ಹಾಕ್ಬೇಡ. ಬಾಯಿ ಬಿಟ್ಟೆಯೋ, ನಾಳೆಯಿಂದ ಕೆಲಸಕ್ಕೆ ಬರೋದು ಬೇಡ."

ಡೌಟಮ್ಮ ತಲೆಯಾಡಿಸಿದಳು. ಆ ಹೆಸರಿಟ್ಟವನೂ ಅವನೇ; ಅದೀಗ ಆಸ್ಪತ್ರೆಗಳವರೆಗೂ ಹಬ್ಬಿತ್ತು. ಸಂಜೆ ಕಾಲೇಜಿನಲ್ಲಿ ಓದಿ ಈ ಕೆಲಸ ಹಿಡಿದ ಅವಳಿಗೆ ಪ್ರತಿ ಫೈಲಿನಲ್ಲೂ ಒಂದಲ್ಲ ಒಂದು ಅನುಮಾನ.

ಊರಿನ ಆಸ್ಪತ್ರೆಗಳ ಫೈಲುಗಳು ರೋಗಿಯ ಹೆಸರು ಅಳಿಸಿಕೊಂಡು, ಬರೀ ನಂಬರು ಹೊತ್ತು ಈ ಮೂರನೆಯ ಮಹಡಿಗೆ ಬರುತ್ತವೆ. ಡಾಕ್ಟರು ಬರೆದದ್ದನ್ನು ಓದಿ ತಕ್ಕ ಕೋಡ್ ಹಾಕಬೇಕು. ಹೊಟ್ಟೆಯ ಗಾಯವಾದರೆ, ಹೊಟ್ಟೆಯ ಯಾವ ಭಾಗ? ಕೊಯ್ದದ್ದೋ, ಚುಚ್ಚಿದ್ದೋ, ಕಚ್ಚಿದ್ದೋ? ಒಳಗೇನಾದರೂ ಉಳಿದಿದೆಯೋ? ಕೊನೆಗೆ, ಗಾಯ ಹೊಟ್ಟೆಯ ಗೋಡೆಗೇ ನಿಂತಿತೋ, ಒಳಗಿನ ಪೊಳ್ಳಿಗೂ ಇಳಿಯಿತೋ? ಡಾಕ್ಟರು ಅದನ್ನು ಬರೆದಿರದಿದ್ದರೆ ಇಳಿದಿಲ್ಲವೆಂದೇ ಹಾಕಬೇಕು. ಅದು ನಿಯಮ. ಬರೆಯದಿದ್ದದ್ದು ಆಗಿಯೇ ಇಲ್ಲ.

ಹಾಕಿದ ಕೋಡ್ ಅದೇ ಸಂಜೆ ಆಸ್ಪತ್ರೆಗೆ ವಾಪಸು ಹೋಗುತ್ತದೆ. ಗೋಡೆಯ ಗಾಯದವರನ್ನು ಎಂಟನೆಯ ದಿನ ಹೊಲಿಗೆ ಬಿಚ್ಚಲು ಕರೆಯುತ್ತಾರೆ. ಒಳಗಿಳಿದ ಗಾಯವೆಂದರೆ, ಮನೆಗೆ ಹೋಗಿದ್ದರೂ ಫೋನು ಮಾಡಿ ತಕ್ಷಣ ಕರೆಸುತ್ತಾರೆ.

ಆ ಹುಡುಗನ ಫೈಲು ಅವಳ ಮುಂದೆಯೇ ಬಂದಿತ್ತು. ಗಾಜು ಕೂರಿಸುವ ಕೆಲಸದವನು, ಇಪ್ಪತ್ತೆರಡು ವರ್ಷ. ಬಲಗಡೆ ಕೆಳಹೊಟ್ಟೆ, ಗಾಜಿನಂಚು ಕೊಯ್ದ ಎರಡಂಗುಲದ ಗಾಯ. ತೊಳೆದು, ಹೊಲಿದು, ಮನೆಗೆ ಕಳಿಸಿದೆ. ಆಳದ ಬಗ್ಗೆ ಒಂದಕ್ಷರವಿಲ್ಲ. ಅನುಮಾನ ಬಂದರೆ ಡಾಕ್ಟರಿಗೆ ಚೀಟಿ ಬರೆದು ಕೇಳಬಹುದು. ಅವಳು ಬರೆದೂ ಇದ್ದಳು: 'ಗಾಯದ ತಳ ಕಂಡಿತೇ?'

"ಇವತ್ತಿಗೆ ನಾಲ್ಕನೇ ಚೀಟಿ!" ಸೂಪರ್‌ವೈಸರ್ ಇಡೀ ಕೋಣೆಗೆ ಕೇಳುವಂತೆ ಕೂಗಿದ್ದ. "ಅಲ್ಲ ಡೌಟಮ್ಮ, ಡಾಕ್ಟರು ರೋಗಿ ನೋಡ್ಬೇಕೋ, ನಿನ್ನ ಪ್ರೇಮಪತ್ರ ಓದ್ಕೊಂಡು ಕೂರ್ಬೇಕೋ?"

ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆಳವಾಗಿದ್ದರೆ ಅಷ್ಟು ಓದಿದವರು ಬರೆಯದೆ ಬಿಡುತ್ತಾರೆಯೇ? ಚೀಟಿ ಹರಿದು ಹಾಕಿ, ಇಳಿದಿಲ್ಲವೆಂಬ ಕೋಡ್ ಒತ್ತಿದ್ದಳು.

ನಾಲ್ಕನೆಯ ದಿನ ಹುಡುಗ ತೀರಿಕೊಂಡ. ಕರುಳಿಗೆ ತೂತು ಬಿದ್ದಿತ್ತಂತೆ.

"ನಿಯಮದ ಪ್ರಕಾರ ಮಾಡಿದ್ದೀಯಲ್ಲೇ, ಬಿಡು," ಎಂದು ಗಂಡ ಸಮಾಧಾನ ಮಾಡಿದ್ದ. ಹೌದು, ನಿಯಮದ ಪ್ರಕಾರವೇ. ಆದರೂ ಒಂದು ವಾರದಿಂದ ಅವಳು ಆ ಫೈಲನ್ನೇ ಮತ್ತೆ ಮತ್ತೆ ತೆಗೆದು ಓದುತ್ತಿದ್ದಳು.

ಮಧ್ಯಾಹ್ನ ಸೂಪರ್‌ವೈಸರ್ ಊಟಕ್ಕೆ ಕೆಳಗಿಳಿದ. ಡೌಟಮ್ಮ ಲೋಟದಲ್ಲಿ ನೀರು ಹಿಡಿದು ಬೆಂಚಿನ ಬಳಿ ಬಂದಳು.

"ಅಮ್ಮಾ, ನೀರು ಕುಡೀರಿ."

ಆಕೆ ಲೋಟ ತೆಗೆದುಕೊಂಡರು, ಕುಡಿಯಲಿಲ್ಲ. "ಇಪ್ಪತ್ತೊಂದನೇ ತಾರೀಖಿನ ಫೈಲು. ಬಲಗಡೆ ಕೆಳಹೊಟ್ಟೆಯ ಗಾಯ. ಅದನ್ನ ಇಲ್ಲಿ ಯಾರು ನೋಡಿದ್ದು, ಗೊತ್ತಾ?"

"ಯಾಕಮ್ಮಾ?"

"ಜಗಳಕ್ಕಲ್ಲ. ಒಂದು ಮಾತು ಹೇಳೋದಿತ್ತು." ಆಕೆ ಲೋಟದೊಳಗೇ ನೋಡುತ್ತಿದ್ದರು. "ಅವತ್ತು ನಾನು ಅವನ ಪಕ್ಕದಲ್ಲೇ ಇದ್ದೆ. 'ಏನಾಗಲ್ಲ ಅಲ್ವಾ' ಅಂತ ಕೈ ಹಿಡ್ಕೊಂಡ. 'ಏನೂ ಆಗಲ್ಲ ಕಣೋ, ಸುಮ್ನೆ ಮಲ್ಕೋ' ಅಂದೆ. ಈಗ ಎಷ್ಟು ಪ್ರಯತ್ನಪಟ್ರೂ ಅವನ ಮುಖ ಸರಿಯಾಗಿ ನೆನಪಿಗೆ ಬರ್ತಾ ಇಲ್ಲ. ನಾನು ಬರೀ ಹೊಟ್ಟೆ ನೋಡ್ತಿದ್ನಲ್ಲ."

ಹೆತ್ತವಳಿಗೇ ಮಗನ ಮುಖ ಮರೆಸುವಂಥ ದುಃಖ. ಡೌಟಮ್ಮ ಆಕೆಯ ಮುಂದೆ ನೆಲದ ಮೇಲೇ ಕೂತಳು.

"ನಾನೇ ಅಮ್ಮಾ ನೋಡಿದ್ದು."

ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು. ಕೇಳಬೇಕೆನಿಸಿದ್ದು, ಬರೆದದ್ದು, ಎಲ್ಲರ ಜೊತೆ ನಕ್ಕು ಹರಿದದ್ದು. ನಡುವೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಸೂಪರ್‌ವೈಸರ್ ಬಾಗಿಲಲ್ಲಿ ನಿಂತಿದ್ದ.

"ಡೌಟಮ್ಮ! ಎದ್ದೇಳು! ಬ್ಯಾಗ್ ತಗೊಂಡು ನಡಿ ಮನೆಗೆ."

"ಹೋಗ್ತೀನಿ ಸರ್. ಇದೊಂದು ಮುಗಿಸಿ ಹೋಗ್ತೀನಿ." ಅವಳು ಆಕೆಯತ್ತ ತಿರುಗಿದಳು. "ನಿಯಮ ನಿಯಮ ಅಂತ ನಿಮ್ಮ ಮಗನ್ನ ನಾನೇ ಕೊಂದೆ ಅಮ್ಮಾ. ಬೈಯಿರಿ. ಬೇಕಾದ್ರೆ ಹೊಡೀರಿ."

ಆಕೆ ಬೈಯಲಿಲ್ಲ. ಲೋಟ ಕೆಳಗಿಟ್ಟು, ಬಗ್ಗಿ ಅವಳ ಎರಡೂ ಕೈ ಹಿಡಿದರು. "ಡೌಟಮ್ಮ ಅಂದ್ರೆ ನೀವೇನಾ?" ಎಂದು ಕೇಳಿದರು. ದನಿ ಒಡೆದಿತ್ತು.

"ನಾನು ಅವನ ತಾಯಿ ಅಲ್ಲಮ್ಮ, ಹೊಲಿಗೆ ಹಾಕಿದ ಡಾಕ್ಟರು. ಬೆರಳಿಟ್ಟು ನೋಡಿದ್ದೆ, ತಳ ಸಿಕ್ಕಿರಲಿಲ್ಲ. ಸ್ಕ್ಯಾನಿಗೆ ಬರೆಯೋಷ್ಟರಲ್ಲಿ ಪಕ್ಕದ ಮಂಚಕ್ಕೆ ಕರೆದ್ರು, ಇವನನ್ನ ಯಾರೋ ಮನೆಗೆ ಕಳಿಸಿಬಿಟ್ರು. ನಾನು ಮನೆ ತಲುಪಿದ ಮೇಲೆ ನೆನಪಾಯ್ತು, ಆಳ ಬರೆದೇ ಇಲ್ಲ ಅಂತ. ಆಮೇಲೆ ಅಂದ್ಕೊಂಡೆ, ಕೋಡ್ ಹಾಕೋ ಕಡೆ ಡೌಟಮ್ಮ ಅಂತ ಒಬ್ಬಳಿದ್ದಾಳಲ್ಲ, ಏನನ್ನೂ ಕೇಳದೆ ಬಿಡೋಳಲ್ಲ, ಅವಳು ಕೇಳಿದಾಗ ಹೇಳಿದ್ರಾಯ್ತು ಅಂತ. ನಿಶ್ಚಿಂತೆಯಾಗಿ ಮಲಗಿಬಿಟ್ಟೆ."